ಕಚ್ಚಿದ ಸೂಜಿ

“ಕಣ್ಣೆಲ್ಲಿಟ್ಕೊಂಡಿದ್ದೆ ಬೇವರ್ಸಿ ಮುಂಡೇದೇ? ಇಷ್ಟು ದೊಡ್ಡ ಆಸ್ಪತ್ರೇಲಿ ದಿನಾ ಸಾವಿರ ಸೂಜಿ ಓಡಾಡ್ತಾವೆ. ಯಾರಿಗೂ ಚುಚ್ಚದೆ ಇರೋದು ನಿನಗೇ ಚುಚ್ತಾ?”

ಮೇಸ್ತ್ರಿ ಕಸದ ಶೆಡ್ಡಿನ ಬಾಗಿಲಲ್ಲೇ ನಿಂತು ಬೈಯುತ್ತಿದ್ದ. ಒಳಗೆ ಕಾಲಿಡುವವನಲ್ಲ, ಮೂಗಿಗೆ ಸದಾ ಕರವಸ್ತ್ರ. ನಾನು ಎಡಗೈ ಹೆಬ್ಬೆರಳನ್ನು ಹಿಸುಕಿ ಹಿಡಿದು ನೆಲ ನೋಡುತ್ತಿದ್ದೆ. ಬಂದ ರಕ್ತ ಒಂದೇ ಹನಿ.

ನಾವು ಮೂವರು ಹೆಂಗಸರು ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನೆಲಕ್ಕೆ ಕೂತು ವಾರ್ಡುಗಳಿಂದ ಬರುವ ಚೀಲ ಬಿಚ್ಚುತ್ತೇವೆ. ಬ್ಯಾಂಡೇಜು ಒಂದು ಕಡೆ, ಬಾಟಲಿ ಒಂದು ಕಡೆ, ಪೈಪು ಇನ್ನೊಂದು ಕಡೆ. ಸೂಜಿ ಬಿಳಿ ಡಬ್ಬಕ್ಕೇ ಹೋಗಬೇಕೆಂದು ಪ್ರತಿ ವಾರ್ಡಿನ ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿದೆ. ಅವಸರ ಬಿದ್ದಾಗ ಎಲ್ಲವೂ ಒಂದೇ ಚೀಲಕ್ಕೆ. ಗೋಡೆಯ ಮೇಲಿರುವುದನ್ನು ಸೂಜಿ ಓದುವುದಿಲ್ಲವಲ್ಲ. ಆಮೇಲೆ ಬೇರೆ ಮಾಡಬೇಕಾದದ್ದು ನಮ್ಮ ಬರಿಗೈ.

ಶೆಡ್ಡಿನಲ್ಲಿ ನಮ್ಮದೇ ಒಂದು ಕಟ್ಟಳೆಯಿದೆ. ಕಚ್ಚಿದ ಸೂಜಿಯನ್ನು ಎಲ್ಲಕ್ಕಿಂತ ಮೊದಲು ಸುಡುವ ಒಲೆಗೆ ಹಾಕಬೇಕು, ಇನ್ನೊಬ್ಬಳಿಗೆ ಅದು ಕಚ್ಚಬಾರದು. ಇದನ್ನು ಕಲಿಸಿದವಳು ನಮ್ಮ ಮೂವರಲ್ಲಿ ಹಳಬಳಾದ ಹಿರಿಯಕ್ಕ. ಹದಿನೇಳು ವರ್ಷದಿಂದ ಇಲ್ಲೇ ಇದ್ದಾಳೆ. ನಾನೂ ಹಾಗೇ ಮಾಡಿದ್ದೆ. ಮೇಸ್ತ್ರಿ ಬರುವಷ್ಟರಲ್ಲಿ ಸೂಜಿ, ಅದು ಬಂದ ಚೀಲ, ಎರಡೂ ಬೂದಿ.

ಮೇಸ್ತ್ರಿ ಅತ್ತ ಹೋದ ಮೇಲೆ ಮದ್ದು ಹಚ್ಚಿಸಿಕೊಳ್ಳೋಣವೆಂದು ಆ ಚೀಲ ಬಂದ ವಾರ್ಡಿಗೆ ಹೋದೆ. ಅಲ್ಲಿನ ನರ್ಸಮ್ಮ ಒಳ್ಳೆಯವಳು, ನಮ್ಮನ್ನು ನೋಡಿದರೆ ಮುಖ ತಿರುಗಿಸುವುದಿಲ್ಲ. ಹತ್ತಿ ಹಿಡಿದು ನಗುತ್ತಲೇ ಬಂದವಳು ಕೇಳಿದಳು, “ನಮ್ ವಾರ್ಡಿನ ಚೀಲಾನಾ?”

“ಹೂಂ ಸಿಸ್ಟರಮ್ಮ. ಬೆಳಿಗ್ಗೆ ಬಂದಿದ್ದು.”

ಅವಳ ನಗು ಆರಿಹೋಯಿತು. ಗಡಿಯಾರ ನೋಡಿದಳು. ಹತ್ತು ಗಂಟೆ ದಾಟಿತ್ತು.

“ಈಗ್ಲೇ ದೊಡ್ಡ ಡಾಕ್ಟ್ರ ಹತ್ರ ಹೋಗು. ಕಾಯಿಲೆ ಅಂಟದ ಹಾಗೆ ತಡೆಯೋ ಮಾತ್ರೆ ಇದೆ, ನಮ್ ಬೀರೂನಲ್ಲೇ ಇದೆ. ಎಷ್ಟು ಬೇಗ ನುಂಗ್ತೀಯೋ ಅಷ್ಟು ಒಳ್ಳೇದು. ಮೂರು ದಿನ ದಾಟಿದ್ರೆ ನುಂಗಿ ಏನೂ ಪ್ರಯೋಜನ ಇಲ್ಲ. ಅವರ ಸಹಿ ಇಲ್ದೆ ನಾನು ಕೊಡೋ ಹಾಗಿಲ್ಲ.”

“ಏನ್ ಕಾಯಿಲೆ ಸಿಸ್ಟರಮ್ಮ? ಯಾರಿಗೆ?”

ಅವಳು ಹಾಸಿಗೆಗಳ ಕಡೆ ನೋಡಿ ಥಟ್ಟನೆ ಕಣ್ಣು ತಗ್ಗಿಸಿದಳು. “ಕೇಳ್ಬೇಡ. ಹೇಳೋ ಹಾಗಿಲ್ಲ.”

ದೊಡ್ಡ ಡಾಕ್ಟರ ಬಾಗಿಲಲ್ಲಿ ಎರಡು ಗಂಟೆ ನಿಂತೆ. ಮೀಟಿಂಗ್ ಅಂದರು. ಅಷ್ಟರಲ್ಲಿ ಮಧ್ಯಾಹ್ನವಾಯಿತು. ಅತ್ತೆ ಮಗುವನ್ನು ಎತ್ತಿಕೊಂಡು ಎಂದಿನ ಹಾಗೆ ಹಿಂದಿನ ಗೇಟಿಗೆ ಬಂದಿದ್ದಳು. ಏಳು ತಿಂಗಳ ಹೆಣ್ಣು. ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿ ಜಿಗಿಯಿತು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಏನೇ ಅದು, ಹಾಲು ಕೊಡು. ಬಾಯಿ ಒಣಗಿದೆ ಅದಕ್ಕೆ.”

“ಇವತ್ತು ಬ್ಯಾಡ ಅತ್ತೆ. ಬಾಟ್ಲಿ ಹಾಲು ಹಾಕು.”

“ಹಾಲು ಸುರೀತಿದೆ ಕಣೇ ನಿಂಗೆ! ಹುಚ್ಚು ಹಿಡೀತಾ?”

ರವಿಕೆ ಒದ್ದೆಯಾಗಿತ್ತು. ಮಗು ಕಿರುಚುತ್ತಿತ್ತು. ಯಾವ ಕಾಯಿಲೆಯೋ, ಹಾಲಿನಲ್ಲಿ ಇಳಿಯುತ್ತದೋ ಇಲ್ಲವೋ, ಹೇಳಬಲ್ಲವರೆಲ್ಲ ಒಳಗಿದ್ದರು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ತಿರುಗಿ ನೋಡದೆ ಒಳಗೆ ಓಡಿದೆ.

ದೊಡ್ಡ ಡಾಕ್ಟರ ಕೋಣೆ ತಂಪಾಗಿತ್ತು. ಮೇಸ್ತ್ರಿ ನನಗಿಂತ ಮೊದಲೇ ಅಲ್ಲಿ ಕೈಕಟ್ಟಿ ನಿಂತಿದ್ದ. ನರ್ಸಮ್ಮನನ್ನೂ ಕರೆಸಿದ್ದರು.

“ನೋಡಮ್ಮ,” ಎಂದರು ಡಾಕ್ಟರು. ದನಿ ಎತ್ತುವವರಲ್ಲ ಅವರು. “ರೋಗಿಯ ಗುಟ್ಟು ರೋಗೀದು. ನಾನು ಬಾಯಿಬಿಟ್ರೆ ತಪ್ಪಾಗುತ್ತೆ. ಅದು ಧರ್ಮ ಅಲ್ಲ.”

“ಹೆಸರು ಬ್ಯಾಡ ಸಾರ್. ಯಾರಾದ್ರೂ ಆಗ್ಲಿ, ಚೆನ್ನಾಗಿರ್ಲಿ. ನನ್ ಮಗೂಗೆ ಹಾಲು ಕೊಡ್ಲಾ ಬ್ಯಾಡ್ವಾ, ಅಷ್ಟು ಹೇಳಿ.”

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಚುಚ್ಚಿದ ಸೂಜಿ ಎಲ್ಲಿ?”

“ಸುಟ್ಟೆ ಸಾರ್. ನಾವು ಮೊದಲು ಸುಡ್ತೀವಿ.”

ಮೇಸ್ತ್ರಿ ಕಿಸಕ್ಕೆಂದ. “ನೋಡಿದ್ರಾ ಸಾರ್? ಸಾಕ್ಷಿ ಸುಟ್ಟು ಕಥೆ ಕಟ್ತಾಳೆ.”

“ಆ ಮಾತ್ರೆ ನಮ್ಮ ಸಿಬ್ಬಂದಿಗೆ ಇಟ್ಟಿರೋದು,” ಎಂದರು ಡಾಕ್ಟರು. “ನೀನು ಗುತ್ತಿಗೆಯವಳು. ನಾಡಿದ್ದು ಮೇಲಿನ ಅಧಿಕಾರಿಗಳು ತಪಾಸಣೆಗೆ ಬರ್ತಾರೆ. ನಮ್ಮ ಚೀಲದಲ್ಲಿ ಸೂಜಿ ಸಿಕ್ತು ಅಂತ ನಾನು ಬರೆದುಕೊಟ್ರೆ ಆಸ್ಪತ್ರೆ ಮುಚ್ಚಬೇಕಾಗುತ್ತೆ. ಇನ್ನೂರು ರೋಗಿಗಳು ಎಲ್ಲಿಗೆ ಹೋಗ್ತಾರೆ? ಒಂದು ದಾರಿ ಇದೆ.”

ಮೇಸ್ತ್ರಿ ಕಾಗದ ಚಾಚಿದ. ನರ್ಸಮ್ಮ ಅದನ್ನು ಓದಿ ಹೇಳಿದಳು. ಗುಜರಿಗೆ ಮಾರಲೆಂದು ನಾನು ಆಸ್ಪತ್ರೆಯ ಕಸ ಕದ್ದು ಮನೆಗೆ ಒಯ್ದೆನಂತೆ. ಮನೆಯಲ್ಲಿ ಚುಚ್ಚಿತಂತೆ. ಶೆಡ್ಡಿನ ಹೆಂಗಸರೆಲ್ಲ ಹೀಗೇ ಮಾಡುತ್ತಾರಂತೆ.

ಸುಳ್ಳು ಹೇಳುವುದಿಲ್ಲ, ನಾನು ಪೆನ್ನು ತೆಗೆದುಕೊಂಡೆ. ಕೊಲೆ ಮಾಡಿದೆನೆಂದು ಬರೆದಿದ್ದರೂ ಆ ಹೊತ್ತಿಗೆ ಸಹಿ ಹಾಕುತ್ತಿದ್ದೆ. ಹಿರಿಯಕ್ಕ ನೆನಪಾಗಲಿಲ್ಲ, ಮಾನ ನೆನಪಾಗಲಿಲ್ಲ. ಕಿವಿಯಲ್ಲಿ ಮಗುವಿನ ಅಳು ಮಾತ್ರ ಇತ್ತು.

“ಹಾಕಿದ್ ತಕ್ಷಣ ಮಾತ್ರೆ ಕೊಡ್ತೀರಾ ಸಾರ್?”

“ಹೊರಗಿನ ರೋಗಿ ಅಂತ ಚೀಟಿ ಮಾಡಿಸ್ತೀವಿ. ರಕ್ತ ಪರೀಕ್ಷೆ, ಕಮಿಟಿ ಒಪ್ಪಿಗೆ... ನಾಲ್ಕೈದು ದಿನದಲ್ಲಿ ನೋಡೋಣ.”

ನಾನು ನರ್ಸಮ್ಮನ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. ಮೂರು ದಿನವೆಂದು ಹೇಳಿದವಳು ಅವಳೇ. ಪೆನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಹಿಂದಿನಿಂದ ಮೇಸ್ತ್ರಿ ಕೂಗಿದ, “ನಾಳೆ ಬಂದು ಹೆಬ್ಬೆಟ್ಟಾದ್ರೂ ಒತ್ತಿ ಹೋಗು ಬೋಳಿ! ಇಲ್ದಿದ್ರೆ ಕೆಲಸಾನೂ ಇಲ್ಲ, ಮಾತ್ರೆನೂ ಇಲ್ಲ!”

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲವನ್ನೂ ಹೇಳಿದೆ. ಮೂರನೆಯವಳು, ನಾವು ಗುಬ್ಬಿ ಅನ್ನುವವಳು, ಬಾಯಿಗೆ ಸೆರಗು ತುರುಕಿಕೊಂಡಳು. ಹಿರಿಯಕ್ಕ ತನ್ನ ಹತ್ತು ಬೆರಳನ್ನೂ ಮುಂದೆ ಹಿಡಿದು ಬಹಳ ಹೊತ್ತು ನೋಡಿದಳು.

“ಮಾತ್ರೆ ಇತ್ತಾ?” ಎಂದಳು. “ಇಷ್ಟು ವರ್ಷ ಆ ಬೀರೂನಲ್ಲೇ ಇತ್ತಾ? ನನಗೆಷ್ಟು ಸಲ ಚುಚ್ಚಿದೆ... ನನ್ ಒಳಗೇನಿದೆಯೋ ಯಾವನಿಗ್ ಗೊತ್ತು.” ಅವಳು ಅತ್ತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಮೂಗು ಒರೆಸಿಕೊಂಡು ಎದ್ದಳು. “ಏಳ್ರೇ. ಚೀಲ ಎತ್ತಿ.”

ಮುಂಬಾಗಿಲ ಹಾಲ್ ತುಂಬ ಜನ ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ನಾವು ಆ ಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲು. ನಡುವೆ ಪ್ಲಾಸ್ಟಿಕ್ ಹಾಸಿ ಕೂತು, ದಿನವೂ ಮಾಡುವ ಕೆಲಸವನ್ನೇ ಮಾಡತೊಡಗಿದೆವು. ರಕ್ತದ ಹತ್ತಿ ಒಂದು ಕಡೆ. ಕೀವಿನ ಬಟ್ಟೆ ಒಂದು ಕಡೆ. ಹಿರಿಯಕ್ಕ ಒಂದು ಸೂಜಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು ನೆಲಕ್ಕಿಟ್ಟಳು. ಇನ್ನೊಂದು. ಮತ್ತೊಂದು. ಬೆಂಚುಗಳು ಖಾಲಿಯಾಗಿ ಜನ ಗೋಡೆಗೆ ಅಂಟಿಕೊಂಡರು. ಯಾರೋ ಮುದುಕ ಕೇಳಿದ, “ಇದೆಲ್ಲ ಇಲ್ಲೀದೇನಮ್ಮ?”

ಮೇಸ್ತ್ರಿ ಓಡಿಬಂದ. ನನ್ನ ಜುಟ್ಟಿಗೆ ಕೈ ಹಾಕಿದವನು ಕಸದಿಂದ ಒದ್ದೆಯಾದ ನನ್ನ ಕೈ ಮೇಲೇಳುತ್ತಲೇ ಹಾವು ಕಂಡವನ ಹಾಗೆ ಹಿಂದಕ್ಕೆ ಜಿಗಿದ.

ದೊಡ್ಡ ಡಾಕ್ಟರು ಮೆಟ್ಟಿಲ ಮೇಲೇ ನಿಂತರು. ಈ ಸಲ ದನಿ ಎತ್ತಿದರು. “ಎದ್ದೇಳಿ! ರೋಗಿಗಳಿದ್ದಾರೆ ಇಲ್ಲಿ! ಇವರಿಗೇನಾದ್ರೂ ಆದ್ರೆ?”

“ಚುಚ್ಚಿದ್ದು ನಿನ್ನೆ ಹತ್ತಕ್ಕೆ ಸಾರ್,” ಎಂದೆ. “ಮಾತ್ರೆ ಬರೀರಿ. ಸಹಿ ಮಾಡಿ. ಎದ್ದು ಹೋಗ್ತೀವಿ.”

“ಮೊದಲು ಏಳು. ಆಮೇಲೆ ಮಾತಾಡೋಣ.”

“ಸಿಸ್ಟರಮ್ಮ, ಚುಚ್ಚಿ ಎಷ್ಟು ಗಂಟೆ ಆಯ್ತು?”

ನರ್ಸಮ್ಮ ಡಾಕ್ಟರ ಹಿಂದೆ ನಿಂತಿದ್ದಳು, ಬೀರುವಿನ ಬೀಗದ ಕೈ ಮುಷ್ಟಿಯಲ್ಲಿತ್ತು. ಡಾಕ್ಟರು ತಿರುಗಿ ನೋಡಿದರು.

“ಇಪ್ಪತ್ತೈದು ಗಂಟೆ,” ಎಂದಳು, ಇಡೀ ಹಾಲಿಗೆ ಕೇಳುವಂತೆ. “ಚೀಲ ನಮ್ ವಾರ್ಡಿಂದೇ.”

ಡಾಕ್ಟರ ಪೆನ್ನು ಅವರ ಜೇಬಿನಲ್ಲೇ ಇತ್ತು. ನಾನು ಇನ್ನೊಂದು ಚೀಲ ಎಳೆದುಕೊಂಡು ಗಂಟು ಬಿಚ್ಚಿದೆ. ಒಳಗೆ ಎಷ್ಟು ಸೂಜಿಯಿದೆಯೋ ಕಾಣುತ್ತಿರಲಿಲ್ಲ. ಡಾಕ್ಟರ ಕಣ್ಣನ್ನೇ ನೋಡುತ್ತ ಬರಿಗೈಯನ್ನು ಮೊಣಕೈವರೆಗೆ ಅದರೊಳಗೆ ಇಳಿಸಿದೆ.