ಆರದ ಗುಂಡಿ

ಬೆಳಿಗ್ಗೆ ಎದ್ದ ಕೂಡಲೇ ನಾನು ಗೊಬ್ಬರದ ಗುಂಡಿಗೆ ಹೋಗುತ್ತಿದ್ದೆ. ಒಂದು ಮೂಲೆಯಲ್ಲಿ ಕಬ್ಬಿಣದ ಸಲಾಕೆಯನ್ನು ಆಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಅಂಗೈಯಲ್ಲಿ ಹಿಡಿಯುತ್ತಿದ್ದೆ. ಸಲಾಕೆ ಬಿಸಿಯಿದ್ದರೆ ಗೊಬ್ಬರ ಇನ್ನೂ ಕಳಿತಿಲ್ಲ. ಬಿಸಿ ಗೊಬ್ಬರ ಬೇರು ಸುಡುತ್ತದೆ. ತಣ್ಣಗಾದ ಮೇಲೆಯೇ ಗಿಡಕ್ಕೆ ಹಾಕಬೇಕು.

"ಇನ್ನೂ ಕಾದೈತೇನು?" ಅಂಗಳದಿಂದ ಅತ್ತೆ ಪೆಂಟಮ್ಮ ಕೇಳುತ್ತಿದ್ದರು. ದಿನವೂ ಕೇಳುತ್ತಿದ್ದರು.

"ಕಾದೈತಿ, ಅತ್ತಿ."

ಗುಂಡಿ ತೋಡಿದ್ದು ನನ್ನ ಗಂಡ ಭೀಮಶಂಕರ್. ಮಕ್ತಲ್ ಸಂತೆಯ ಕೊಳೆತ ತರಕಾರಿ, ಹೋಟೆಲಿನವರು ಬಿಸಾಡುವ ಚಹಾಪುಡಿ, ನಾರಾಯಣಪೇಟೆಯ ನೇಕಾರರ ಮನೆಗಳಲ್ಲಿ ಉಳಿದ ಗಂಜಿ, ನೂಲಿನ ಚೂರು ಎಲ್ಲವನ್ನೂ ಬೈಕಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದರು. ಅದರ ಮೇಲೆ ನಮ್ಮ ದೊಡ್ಡಿಯ ಕುರಿಹಿಕ್ಕೆ, ಮಣ್ಣು, ನೀರು. ಊರವರು ಅವರಿಗೆ ಕಸದ ಸಾಹೇಬ ಎಂದು ಹೆಸರಿಟ್ಟಿದ್ದರು.

ಜನವರಿಯಲ್ಲಿ ಮಕ್ತಲ್ ರಸ್ತೆಯಲ್ಲಿ ಒಂದು ಲಾರಿ ಅವರಿಗೆ ಗುದ್ದಿತು. ಬೈಕಿಗೆ ಕಟ್ಟಿದ್ದ ಚೀಲಕ್ಕೆ ಏನೂ ಆಗಿರಲಿಲ್ಲ. ಮೈದುನ ಮೈಲಾರಲಿಂಗ ಅದನ್ನು ಮನೆಗೆ ತಂದ. ಅವರ ದಿನಕರ್ಮ ಮುಗಿದ ಮೇಲೆ ನಾನು ಅದನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ.

ತೋಟದಲ್ಲಿ ನೂರಿಪ್ಪತ್ತು ಪೇರಲ ಗಿಡಗಳಿವೆ. ಮೂರು ವರ್ಷದವು. ಈ ಮಳೆಗಾಲಕ್ಕೆ ಮೊದಲ ಫಸಲು ಹಿಡಿಯಬೇಕಿತ್ತು. ಜೂನ್ ಮೊದಲಿಗೆ ಕೂಡುವ ಮೃಗಶಿರದ, ನಮ್ಮ ಮಾತಿನಲ್ಲಿ ಮಿರಗದ, ಮಳೆಗೆ ಮುಂಚೆ ಬುಡಕ್ಕೆ ಗೊಬ್ಬರ ಬೀಳಬೇಕಿತ್ತು.

"ನಮ್ಮಜ್ಜಗ ಸಲಾಕಿ ಇದ್ದಿಲ್ಲವ್ವಾ," ಎಂದರು ಮಾವ ಮಾಳಿಂಗಪ್ಪ, ಮೇ ತಿಂಗಳ ಕೊನೆಗೆ. "ಹೊಲದಾಗ ಕುರಿ ತರುಬಿದ. ನಾಕು ರಾತ್ರಿ ಮಲಗಿಸಿದ. ಗೊಬ್ಬರ ಆತು."

"ಕುರಿ ಬಿಟ್ರ ಪೇರಲ ತೊಗಟಿ ಉಳಿಯಂಗಿಲ್ಲ, ಮಾವ."

"ಬೀರಪ್ಪನಾಣಿ, ಮಿರಗ ಕೂಡೋದ್ರೊಳಗ ನಿನ್ನ ಗೊಬ್ಬರ ಬರಲಿಲ್ಲಂದ್ರ ಕುರಿ ಬಿಡಾಂವನ. ಉಪಾಸ ಇರೋ ಗಿಡ ಇದ್ರೇನು, ಹೋದ್ರೇನು?"

ಮೈಲಾರಲಿಂಗ ಹೊಸ ರಾಜ್ಯದ ಮೆರವಣಿಗೆಗೆ ಬಾವುಟಗಳನ್ನು ಕೋಲಿಗೆ ಕಟ್ಟುತ್ತ ಕುಳಿತಿದ್ದ. "ವೈನಿ, ಬಡದಾಡಿ ಬಡದಾಡಿ ತೆಲಂಗಾಣ ಬಂತು. ನಿಮ್ಮ ಗೊಬ್ಬರ ಬರವಲ್ದಲ್ರೀ!"

"ರಾಯಚೂರಾಗ ಓದಿದವರ ಗೊಬ್ಬರಪಾ ಅದು," ಎಂದರು ಮಾವ. "ಪರೀಕ್ಷಿ ಪಾಸಾಗಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ರಾಯಚೂರಿನಲ್ಲಿ ಕೃಷಿ ಓದಿದ್ದು ನಿಜ. ಮೂರು ತಿಂಗಳಿಗೆ ಗುಂಡಿ ಆರಬೇಕೆಂದು ನನಗೆ ಗೊತ್ತಿತ್ತು. ಆರಿಯೂ ಇತ್ತು. ಯುಗಾದಿಯ ಮಾರನೆಯ ದಿನ ಸಲಾಕೆ ತಣ್ಣಗೆ ಬಂತು. ಬಹಳ ಹೊತ್ತು ಹಿಡಿದು ನಿಂತೆ. ಮತ್ತೆ ಚುಚ್ಚಿದೆ. ತಣ್ಣಗೇ ಇತ್ತು. ಕೈ ತೊಳೆದು ರೊಟ್ಟಿ ಬಡಿದೆ. ಮಧ್ಯಾಹ್ನ ಅತ್ತೆ ಅಡ್ಡಾದಾಗ ದೊಡ್ಡಿಯಿಂದ ಒಂದು ಬುಟ್ಟಿ ಹಸಿ ಹಿಕ್ಕೆ ತಂದು, ನೀರು ಚಿಮುಕಿಸಿ, ಆ ಮೂಲೆಯ ಮಣ್ಣೆತ್ತಿ ಒಳಗೆ ತುಂಬಿದೆ. ಮೂರನೆಯ ದಿನ ಸಲಾಕೆ ಬಿಸಿಯಾಗಿತ್ತು.

ಆಮೇಲೆ ದಿನವೂ ಒಂದು ಬುಟ್ಟಿ ತಂದು ತುಂಬಿದೆ. ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಗುಂಡಿಗೆ ಓಡುತ್ತಿದ್ದೆ. ಗುಂಡಿಯಿಂದ ದೊಡ್ಡಿಗೆ, ದೊಡ್ಡಿಯಿಂದ ತೋಟಕ್ಕೆ. ಪೇರಲದ ಹಳೆಯ ಎಲೆಗಳು ಹಳದಿಗೆ ತಿರುಗುತ್ತಿದ್ದವು. ಗಿಡ ಏನು ಕೇಳುತ್ತಿದೆ ಎಂದು ತಿಳಿದಿತ್ತು. ನೋಡಿ ಹಿಂದಿರುಗುತ್ತಿದ್ದೆ.

ಜೂನ್ ಎರಡರಂದು ಬೆಳಿಗ್ಗೆಯೇ ಪಟಾಕಿ ಶುರುವಾಯಿತು. ಮಾವ, ಮೈಲಾರಲಿಂಗ ಇಬ್ಬರೂ ಮಕ್ತಲಿಗೆ ಹೋದರು. ನಾನು ಗುಂಡಿಯ ಹತ್ತಿರ ಇದ್ದೆ. ಅತ್ತೆ ಬಂದು ಕೈ ಚಾಚಿದರು.

"ಕೊಡಿಲ್ಲೆ ಸಲಾಕಿ."

ಅವರು ನನ್ನ ಮೂಲೆಗೆ ಬರಲಿಲ್ಲ. ಗುಂಡಿಯ ಆಚೆ ತುದಿಗೆ ಹೋಗಿ ಚುಚ್ಚಿದರು. ಸೆರಗು ತಲೆಗೆ ಎಳೆದುಕೊಂಡು ಕಾದರು. ಎಳೆದು ಕೆನ್ನೆಗೆ ಇಟ್ಟುಕೊಂಡರು.

"ತಣ್ಣಗೈತಿ."

ನಡುವೆ ಚುಚ್ಚಿದರು. ಅಲ್ಲೂ ತಣ್ಣಗಿತ್ತು. ಎರಡು ತಿಂಗಳು ನಾನು ಒಂದೇ ಮೂಲೆಗೆ ಉಣಿಸಿದ್ದೆ.

"ದೊಡ್ಡಿ ಕಸ ಹೊಡಿಯಾಕಿ ನಾನು, ಹರಿತಾ. ದಿನಾ ಒಂದು ಬುಟ್ಟಿ ಹಿಕ್ಕಿ ಕಮ್ಮಿ ಬೀಳತಿತ್ತು. ಬಂಗಾರ ಬಿಟ್ಟು ಹಿಕ್ಕಿ ಕದಿಯೋ ಕಳ್ಳ ಯಾವನಪಾ ಅಂತ ಒಂದಿನ ಕಣ್ಣು ಮುಚ್ಚಿ ಮಲಗಿದ್ದೆ."

"ಯಾವಾಗಿಂದ ಗೊತ್ತು ನಿಮಗ?"

"ಯುಗಾದಿ ಆಗಿ ವಾರಕ್ಕ."

"ಮತ್ತ ಯಾಕ ಸುಮ್ನಿದ್ರಿ?"

ಅವರು ಸಲಾಕೆಯ ಮಣ್ಣನ್ನು ಸೀರೆಗೆ ಒರೆಸಿದರು. "ಬೆಳಗಾದ್ರ ಕಾದೈತಿ ಅಂತಿದ್ದಿ. ನನಗೂ ಕೇಳಾಕ ಬೇಕಾಗಿತ್ತು."

ಊರ ಕಡೆಯಿಂದ ಡೊಳ್ಳು ಕೇಳುತ್ತಿತ್ತು. ಅತ್ತೆ ಗುದ್ದಲಿ ತಂದರು. "ಇದು ಕಾದಿರಲಿ ಅಂತ ಅವ ತುಂಬಲಿಲ್ಲ. ಹಿಡಿ."

ಆಚೆ ತುದಿಯಿಂದ ತೆಗೆದೆವು. ಗೊಬ್ಬರ ಕಪ್ಪಗೆ, ಉದುರುದುರಾಗಿ ಬಂತು. ಮಳೆ ಬಿದ್ದ ನೆಲದ ವಾಸನೆ. ತರಕಾರಿಯ ಗುರುತಿಲ್ಲ. ಕೊನೆಯ ಚೀಲ ಸುರಿದ ಜಾಗ ಎಲ್ಲಿ ಎಂದು ನನಗೆ ತಿಳಿಯಲಿಲ್ಲ. ಹುಡುಕಿದೆ. ಒಂದು ಜರಿ ಎಳೆ ಮಾತ್ರ ಹಾಗೇ ಹೊಳೆಯುತ್ತಿತ್ತು. ಅತ್ತೆ ಅದನ್ನು ಎತ್ತಿ ನೋಡಿ ಬೇಲಿಗೆ ಸಿಕ್ಕಿಸಿದರು.

ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಸಂಜೆಗೆ ತೊಂಬತ್ತು ಗಿಡಗಳಾದವು. ನನ್ನ ಮೂಲೆಯನ್ನು ಮುಟ್ಟಲಿಲ್ಲ. ಅದು ಹಸಿ ಇತ್ತು.

ಮಾವ ಮುಖದ ತುಂಬ ಗುಲಾಲು ಹಚ್ಚಿಕೊಂಡು ಬಂದರು. ಸಾಲುಗಳನ್ನು ನೋಡುತ್ತ ಕೊನೆಯವರೆಗೆ ನಡೆದು ಹಿಂದಿರುಗಿದರು.

"ಪರೀಕ್ಷಿ ಪಾಸಾತೇನು?"

"ನೂರಿಪ್ಪತ್ತಕ್ಕ ತೊಂಬತ್ತು, ಮಾವ. ಉಳಿದ ಮೂವತ್ತು ಗಿಡ ನನ್ನ ತಪ್ಪು."

ಅವರು ಅತ್ತೆಯ ಮುಖ ನೋಡಿದರು. "ಆ ಮೂಲಿ ಆರಿಲ್ಲ," ಎಂದರು ಅತ್ತೆ. "ಮಳಿ ನಡುವ ಹಾಕಿದ್ರಾತು. ನಿನ್ನ ಕುರಿ ಬ್ಯಾರೆ ಹೊಲ ಹುಡುಕ್ಕೊಳ್ಳಲಿ."

ಮರುದಿನ ಮಧ್ಯಾಹ್ನ ಅತ್ತೆ ಅಡ್ಡಾದಾಗ ನನ್ನ ಕಾಲುಗಳು ದೊಡ್ಡಿಗೆ ಹೋದವು. ಬುಟ್ಟಿ ತುಂಬಿದೆ. ಎತ್ತಿಕೊಂಡು ಬಾಗಿಲವರೆಗೂ ಬಂದೆ. ಅಲ್ಲಿ ನಿಂತೆ. ಆಮೇಲೆ ಅದನ್ನು ದೊಡ್ಡಿಯಲ್ಲೇ ಸುರಿದು ಬಂದೆ. ಅದರ ಮರುದಿನವೂ ಹಾಗೆಯೇ ಮಾಡಿದೆ.

ಮಿರಗ ಕೂಡಿದ ಬೆಳಿಗ್ಗೆ ಮೋಡವಿತ್ತು. ಸಲಾಕೆ ಎಳೆದು ಅಂಗೈಯಲ್ಲಿ ಹಿಡಿದೆ.

"ಇನ್ನೂ ಕಾದೈತೇನು?" ಅಂಗಳದಿಂದ ಅತ್ತೆ ಕೇಳಿದರು.

"ಉಗುರುಬೆಚ್ಚಗೈತಿ, ಅತ್ತಿ."

ಕಸಬರಿಗೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಕೇಳಿಸಿತು.