ರೂರ್ಕೆಲಾಗೆ ಹೋದ ಹಾಡು

ಹೆಣ್ಣು ನೋಡೋಕೆ ಬಂದವರ ಮುಂದೆ ಹಾಡುವುದು ಚೂಡಾಮಣಿಗೆ ಹೊಸದೇನಲ್ಲ. ಚಾಪೆ, ಶ್ರುತಿಪೆಟ್ಟಿಗೆ, ತಟ್ಟೆಯಲ್ಲಿ ಕೇಸರೀಭಾತು, ಎದುರಿಗೆ ಕಾಲ ಮೇಲೆ ಕಾಲು ಹಾಕಿಕೊಂಡ ನಾಲ್ಕು ಜನ. ಏಳು ಸಲ ಆಗಿತ್ತು ಈ ವೈಭವ. ಎಂಟನೆಯ ಸಲ ಮಾತ್ರ ಗಂಡಿನ ಕಡೆಯವರು ಬರುವುದೇ ಇಲ್ಲ, ಹಾಡೇ ಎದ್ದು ಅವರ ಮನೆಗೆ ಹೋಗಬೇಕು ಅಂತಾಯಿತು.

ಗಂಡು ಸೇತುರಾಮ, ರೂರ್ಕೆಲಾದಲ್ಲಿ ಜರ್ಮನಿಯವರ ನೆರವಿನಿಂದ ಕಟ್ಟಿದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಅರವತ್ಮೂರನೇ ಇಸವಿಯ ಆ ಬೇಸಿಗೆಯಲ್ಲಿ ಅವನಿಗೆ ರಜೆ ಸಿಗುವ ಹಾಗಿರಲಿಲ್ಲವಂತೆ. ಆದರೆ ತನ್ನ ದೇಶಕ್ಕೆ ಹೊರಟುನಿಂತಿದ್ದ ಜರ್ಮನಿಯವನೊಬ್ಬನಿಂದ ಟೇಪ್ ರೆಕಾರ್ಡರ್ ಕೊಂಡಿದ್ದನಂತೆ. ಫೋಟೋ ನೋಡಿಯಾಯಿತು, ಜಾತಕ ಕೂಡಿದೆ, ಹುಡುಗಿ ಹಾಡಿದ್ದನ್ನು ಒಂದು ಟೇಪಿಗೆ ತುಂಬಿ ಕಳಿಸಿ, ಕೇಳಿ ತಿಳಿಸುತ್ತೇನೆ ಅಂತ ಬರೆದಿದ್ದ. ಸೀರೆ ಕೊಳ್ಳುವವರು ಮೊದಲು ಮಾದರಿ ತುಂಡು ತರಿಸಿಕೊಳ್ಳುವುದಿಲ್ಲವೇ, ಹಾಗೆ.

"ಇದೊಂದು ನೋಡೋಣ ಕಣಮ್ಮ," ಅಂದಿದ್ದರು ಅವಳ ಅಪ್ಪ ಶಾಮಣ್ಣನವರು. "ಇವ್ರೂ ಬೇಡ ಅಂದ್ರೆ ಆಮೇಲೆ ನಿನ್ನಿಷ್ಟ. ಜೂನ್‌ನಲ್ಲಿ ಕೆಲಸಕ್ಕೆ ಸೇರ್ಕೋ. ನಾನು ಅಡ್ಡ ಬರಲ್ಲ."

ಬಸವನಗುಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಕೆಲಸ ಚೂಡಾಮಣಿಗೆ ಸಿಕ್ಕಿತ್ತು. ಆರ್ಡರು ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಭದ್ರವಾಗಿ ಕೂತಿತ್ತು. ದಿನಕ್ಕೊಂದು ಸಲ ಟ್ರಂಕು ತೆಗೆದು ಅದನ್ನು ಮುಟ್ಟಿ ನೋಡುತ್ತಿದ್ದಳು. ಬೆಳಗ್ಗೆ ಎದ್ದು ಸೀರೆ ಉಟ್ಟು, ಜಯನಗರದಿಂದ ಬಸವನಗುಡಿಗೆ ಒಬ್ಬಳೇ ನಡೆದುಹೋಗಿ, ನಲವತ್ತು ಹುಡುಗಿಯರಿಗೆ ಸರಳೆ ವರಸೆ ಹೇಳಿಕೊಡುವುದು: ಅಷ್ಟೇ ಅವಳ ಆಸೆ. ಅದಕ್ಕೆ ಬೇಕಾಗಿದ್ದುದು ರೂರ್ಕೆಲಾದಿಂದ ಒಂದು 'ಬೇಡ'.

ಅಪ್ಪನ ಮಾತಿನ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವತ್ತು ವರ್ಷ ಇದ್ದು, ಒಂದು ಸುಳ್ಳೂ ಆಡದೆ ರಿಟೈರಾದ ಪುಣ್ಯಾತ್ಮ ಅವರು. ಆರನೆಯ ಗಂಡು ಬಂದಿದ್ದಾಗ ದಲ್ಲಾಳಿ ಜಾತಕದ ನಕಲಿನಲ್ಲಿ ಹುಡುಗಿಯ ವಯಸ್ಸು ಎರಡು ವರ್ಷ ಇಳಿಸಿ ಬರೆದಿದ್ದ. ಎಲ್ಲರೂ ಕೇಸರೀಭಾತು ತಿನ್ನುತ್ತಿರುವಾಗ ಶಾಮಣ್ಣನವರು ಗಂಟಲು ಸರಿಮಾಡಿಕೊಂಡು, "ಇಪ್ಪತ್ನಾಲ್ಕು ಅಂತ ಇರೋದು ತಪ್ಪು, ನಮ್ಮ ಹುಡುಗಿಗೆ ಇಪ್ಪತ್ತಾರು ತುಂಬಿದೆ," ಅಂದುಬಿಟ್ಟರು. ಬಂದವರು ಕಾಫಿಗೂ ಕಾಯದೆ ಎದ್ದರು. ಹೆಂಡತಿ ಅಲಮೇಲಮ್ಮ ಒಂದು ವಾರ ಮಾತು ಬಿಟ್ಟರು. ಶಾಮಣ್ಣನವರು ಮಾತ್ರ ಆ ರಾತ್ರಿ ಸುಖವಾಗಿ ನಿದ್ದೆ ಹೊಡೆದರು.

ಬೇಕಂತಲೇ ಅಪಸ್ವರ ಹಾಡುವ ಹಾಗಿರಲಿಲ್ಲ. ಹಾಗೇನಾದರೂ ಮಾಡಿದರೆ ಅಮ್ಮ ಅಡುಗೆಮನೆಯಿಂದ ಸಟ್ಟುಗ ಹಿಡಿದುಕೊಂಡೇ ಬರುತ್ತಿದ್ದರು, ಅಂಥ ಕಿವಿ ಆಕೆಯದು. ಆದ್ದರಿಂದ ಚೂಡಾಮಣಿ ಹಿಂದಿನ ದಿನ ಉಪ್ಪಿನಕಾಯಿಯ ಎಣ್ಣೆ ನೆಕ್ಕಿ, ಹುರಿದ ಕಡಲೆಕಾಯಿ ತಿಂದು, ಮೇಲೆ ಹೂಜಿಯ ತಣ್ಣೀರು ಕುಡಿದಳು. ಗಂಟಲಲ್ಲಿ ಹುಟ್ಟಿನಿಂದ ಬಂದ ಒಂದು ಕರಕರ ಅವಳಿಗೆ ಇದ್ದೇ ಇತ್ತು. ಅದಕ್ಕೆ ಒಂದಿಷ್ಟು ಗೊಬ್ಬರ ಹಾಕಿದಳು ಅನ್ನಿ.

ಭಾನುವಾರ ಬೆಳಗ್ಗೆ ಯಡಿಯೂರಿನ ಶಾಂತವೀರಪ್ಪ ಜಟಕಾದಲ್ಲಿ ಸಾಮಾನು ಹೇರಿಕೊಂಡು ಬಂದ. ರೇಡಿಯೋ ರಿಪೇರಿ, ಮದುವೆಗೆ ಮೈಕ್‌ಸೆಟ್ಟು, ಅವನ ಕಸುಬು. ಬಂದವನೇ ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಸಂದಿಗಳಿಗೆ ಹಳೇ ಪಂಚೆ ತುರುಕಿಸಿದ. ಗೋಡೆಗೆ ಹಾಸಿಗೆಗಳನ್ನು ಒರಗಿಸಿ, ಬಾಗಿಲಿಗೆ ರಜಾಯಿ ಇಳಿಬಿಟ್ಟ. ಆಮೇಲೆ ಫ್ಯಾನೂ ಆರಿಸಿದ. ಏಪ್ರಿಲ್ ತಿಂಗಳು, ಮನೆಯೊಳಗೆ ಹಬೆಯಲ್ಲಿಟ್ಟ ಇಡ್ಲಿಯ ಪಾಡು. ನಡುವೆ ಮೈಕಿನ ಮುಂದೆ ಚೂಡಾಮಣಿ.

"ಉಸಿರಾಡೋಕಾದ್ರೂ ಬಿಡ್ತೀರಾ?" ಅಂದಳು.

"ಆಡಿ ತಾಯಿ. ಒಸಿ ಮೆತ್ತಗೆ ಆಡಿ," ಅಂದ ಶಾಂತವೀರಪ್ಪ. ತಮಾಷೆಗೆ ಅಂದದ್ದಾಗಿರಲಿಲ್ಲ.

ಅವಳಿಗೆ ಎದ್ದು ರಜಾಯಿ ಸರಿಸಿ ಹೊರಗೆ ಓಡಿಬಿಡಬೇಕು ಅನ್ನಿಸಿತು. ಎಲ್ಲಿಗೆ ಓಡುವುದು? ಬಾಗಿಲಲ್ಲಿ ಅಣ್ಣ ಅನಂತರಾಮು ನಿಂತಿದ್ದ, ಒಳಗೆ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು.

ಮೈಕಿನಿಂದ ಬರುವ ಪೀಚು ದನಿ ರೆಕಾರ್ಡರಿಗೆ ಸಾಲುವುದಿಲ್ಲ, ನಡುವೆ ಅದನ್ನು ದೊಡ್ಡದು ಮಾಡುವ ಒಂದು ವಾಲ್ವಿನ ಪೆಟ್ಟಿಗೆ ಬೇಕು ಅಂತ ಶಾಂತವೀರಪ್ಪ ವಿವರಿಸಿದ. ಪ್ರಿ-ಆಂಪ್ಲಿಫೈಯರ್ ಅಂತ ಅದರ ಹೆಸರು. ಅಂಥವು ಎರಡು ತಂದಿದ್ದ. ಒಂದು ಕರೀ ಬಣ್ಣ ಬಳಿದ, ಹೊಳೆಯುವ ತಿರುಪುಗಳ ಪೆಟ್ಟಿಗೆ. ಇನ್ನೊಂದು ಅವನೇ ಬಿಡುವಿನಲ್ಲಿ ಬಿಸ್ಕತ್ತಿನ ಡಬ್ಬದೊಳಗೆ ಕೂರಿಸಿ ಕಟ್ಟಿಕೊಂಡದ್ದು. ಡಬ್ಬದ ಮೇಲಿನ ಗುಲಾಬಿ ಹೂವಿನ ಚಿತ್ರ ಅರ್ಧ ಅಳಿಸಿತ್ತು.

"ಎರಡ್ರಲ್ಲೂ ಒಂದೊಂದು ಚರಣ ಹಾಡಿ. ಯಾವ್ದು ಹಿಡಿಸ್ತದೋ ಅದ್ರಲ್ಲಿ ಪೂರ್ತಿ ತುಂಬೋಣ."

ಸಾವೇರಿಯಲ್ಲಿ ಒಂದು ದೇವರನಾಮ ಹಾಡಿದಳು. ಮೊದಲು ಕರೀ ಪೆಟ್ಟಿಗೆಯದನ್ನು ಕೇಳಿಸಿದ. ಜೇನು ಸವರಿದ ಹಾಗಿತ್ತು ದನಿ. ಗುಂಡಗೆ, ನಯವಾಗಿ, ಎಲ್ಲೂ ತರಚಿಲ್ಲ. ಉಪ್ಪಿನಕಾಯಿಯ ಎಣ್ಣೆ ದಂಡವಾಯಿತಲ್ಲ ಅಂದುಕೊಂಡಳು ಚೂಡಾಮಣಿ. ಅಮ್ಮ ರಜಾಯಿ ಸರಿಸಿ ಬಂದು ಕಣ್ಣೊರೆಸಿಕೊಂಡರು.

ಆಮೇಲೆ ಬಿಸ್ಕತ್ತಿನ ಡಬ್ಬದ್ದು. ಮೊದಲು ಕೇಳಿಸಿದ್ದು ಉಸಿರು. ಮೂಗಿನಿಂದ ಒಳಗೆ ಹೋಗಿ ಎದೆಯಲ್ಲಿ ನಿಂತದ್ದೂ ಕೇಳಿಸಿತು. ಆಮೇಲೆ ಕರಕರ. ಮೇಲಿನ ಷಡ್ಜಕ್ಕೆ ಹೋದಾಗ ದನಿ ಕೂದಲೆಳೆಯಷ್ಟು ಬಿರಿದದ್ದು ಕಿವಿಗೆ ಹೊಡೆದ ಹಾಗೆ ಕೇಳಿಸಿತು. ಚೂಡಾಮಣಿ ಬೆಚ್ಚಿದಳು. ತನ್ನ ದನಿಯನ್ನು ಅವಳು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಇದು ನಾನು ಅನ್ನುವುದು ತಕ್ಷಣ ಗೊತ್ತಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತ ಹಾಡುವವಳು ಇವಳೇ.

"ಇದು ಬೇಡಪ್ಪ," ಅಂದ ಅನಂತರಾಮು. "ನೆಗಡಿ ಆದವರ ಹಾಗಿದೆ. ಕರೀದೇ ಹಾಕಿ ಶಾಂತವೀರಪ್ಪ."

"ಕರೀದು ಎಲ್ಲಾರ್ನೂ ಒಂದೇ ತರ ಚಂದ ಮಾಡ್ತದೆ ಸಾರ್. ಮದ್ವೆ ಮನೆಗೆ ಅದೇ ಸರಿ," ಅಂದ ಶಾಂತವೀರಪ್ಪ. "ಈ ಡಬ್ಬ ಇದ್ದಿದ್ದು ಇದ್ದಂಗೆ ಕೊಡ್ತದೆ."

ಚೂಡಾಮಣಿ ಸಮಯ ಬಿಡಲಿಲ್ಲ. ಅಪ್ಪನ ಕಡೆ ತಿರುಗಿದಳು. "ಅಪ್ಪ, ನೀವೇ ಹೇಳಿ. ಇಲ್ಲದ ದನಿ ಕೇಳ್ಸಿ ಮದುವೆ ಮಾಡ್ತೀರಾ? ನಾಳೆ ಅಲ್ಲಿ ಹೋಗಿ ನಾನು ಬಾಯಿ ಬಿಟ್ಟಾಗ ಅವ್ರೇನು ಅಂದ್ಕೋತಾರೆ?"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಇದು ಒಂದೂ ಸುಳ್ಳಲ್ಲ, ಬರೀ ಪೆಟ್ಟಿಗೆ!" ಅಂತ ಅನಂತರಾಮು ಸಿಡುಕಿದ.

ಶಾಮಣ್ಣನವರು ಡಬ್ಬವನ್ನೂ ಮಗಳನ್ನೂ ಒಂದು ಗಳಿಗೆ ನೋಡಿದರು. "ಡಬ್ಬದ್ದೇ ಹಾಕಪ್ಪ," ಅಂದರು. ಅಲಮೇಲಮ್ಮ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಗೆದ್ದೆ ಅಂದುಕೊಂಡಳು ಚೂಡಾಮಣಿ. ಇನ್ನುಳಿದದ್ದು ಒಂದೇ, ಷಡ್ಜದಲ್ಲಿ ದನಿಯನ್ನು ಇನ್ನೊಂದು ಸ್ವಲ್ಪ ಬಿರಿಯಗೊಡುವುದು. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಟೇಪು ತಿರುಗತೊಡಗಿದ ಮೇಲೆ ಏನಾಯಿತೋ ಅವಳಿಗೇ ತಿಳಿಯಲಿಲ್ಲ. ಬೆವರು ಬೆನ್ನಿಗಿಳಿಯುತ್ತಿತ್ತು, ಸುತ್ತ ಹಾಸಿಗೆಗಳು ಮೈಮೇಲೆ ಬೀಳುವ ಹಾಗೆ ನಿಂತಿದ್ದವು, ಡಬ್ಬದ ತೂತಿನಲ್ಲಿ ವಾಲ್ವು ಕೆಂಪಗೆ ಕಾಣುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಕೇಳುವ ಕಿವಿ ಒಂದು ಎದುರಿಗಿದೆ ಅನ್ನಿಸಿದ್ದೇ ತಡ, ಮೋಸ ಮಾಡಲು ಗಂಟಲು ಒಪ್ಪಲಿಲ್ಲ. ಮನಸಾರೆ ಹಾಡಿದಳು. ಏಳು ಗಂಡುಗಳ ಮುಂದೆ ಒಂದು ದಿನವೂ ಹಾಗೆ ಹಾಡಿದವಳಲ್ಲ.

ಮುಗಿದ ಮೇಲೂ ಶಾಂತವೀರಪ್ಪ ಟೇಪು ನಿಲ್ಲಿಸುವುದನ್ನು ಮರೆತು ಕೂತಿದ್ದ. ಶಾಮಣ್ಣನವರು ಎದ್ದು ಹೋಗಿ ಒಂದೊಂದೇ ಕಿಟಕಿ ತೆಗೆದರು.

ಆ ರಾತ್ರಿ ಚೂಡಾಮಣಿ ತನ್ನನ್ನು ತಾನೇ ಬೈದುಕೊಂಡಳು. ಆಮೇಲೆ ಸಮಾಧಾನವೂ ಮಾಡಿಕೊಂಡಳು. ಮದುವೆ ಮಾರುಕಟ್ಟೆಗೆ ಬೇಕಾದದ್ದು ಕೋಗಿಲೆ. ಆ ಕರಕರ ಕೇಳಿದವನು ಖಂಡಿತ ಬೇಡ ಅನ್ನುತ್ತಾನೆ. ಅಂದರೆ ಅನ್ನಲಿ, ಕೇಳಿ ಅನ್ನುತ್ತಾನಲ್ಲ.

ಮೇ ತಿಂಗಳ ನಡುವಿನಲ್ಲಿ ಕಾಗದ ಬಂತು. ಅಪ್ಪ ಯಡಿಯೂರು ಕೆರೆಯ ಕಡೆ ವಾಕಿಂಗ್ ಹೋಗಿದ್ದರು. ಅನಂತರಾಮು ಒಡೆದು ಕಣ್ಣಾಡಿಸಿ, "ಒಪ್ಪಿದಾರೆ! ಅಮ್ಮಾ, ಒಪ್ಪಿದಾರೆ!" ಅಂತ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಓಡಿದ. ಅಮ್ಮ ದೇವರ ಮುಂದೆ ಸಕ್ಕರೆ ಇಟ್ಟರು. ಚೂಡಾಮಣಿಗೆ ಟ್ರಂಕಿನೊಳಗಿನ ಆರ್ಡರು ನೆನಪಾಯಿತು. ಆದರೂ ಒಂದು ಹುಚ್ಚು ಕುತೂಹಲ ಅವಳನ್ನು ಮೇಜಿನ ಹತ್ತಿರ ಎಳೆದುಕೊಂಡು ಹೋಯಿತು. ಆ ದನಿಯನ್ನು ಕೇಳಿಯೂ ಒಪ್ಪಿದನೇ? ಕೇಳಿ ಏನಂದ?

'ಟೇಪು ತಲುಪಿತು. ಗುಂಯ್ ಎಂಬ ಸದ್ದು ಲವಲೇಶವೂ ಇಲ್ಲ. ಇಲ್ಲಿಯ ಜರ್ಮನಿಯವರಿಗೂ ಕೇಳಿಸಿದೆ, ಬೆರಗಾದರು. ಮೈಕಿಗೆ ಹಾಕಿದ ಪ್ರಿ-ಆಂಪ್ಲಿಫೈಯರ್ ಯಾವುದು, ಅದರಲ್ಲಿ ಯಾವ ವಾಲ್ವು, ಎಷ್ಟಿವೆ, ದಯವಿಟ್ಟು ತಿಳಿಸಿ. ಇಲ್ಲಿ ಇಂಥದು ಸಿಗುವುದಿಲ್ಲ. ಸಂಬಂಧ ನಮಗೆ ಒಪ್ಪಿಗೆ. ಹುಡುಗಿ ಬರುವಾಗ ಅಂಥ ಪೆಟ್ಟಿಗೆಯೊಂದನ್ನು ಜೊತೆಯಲ್ಲಿ ಕಳಿಸಿಕೊಟ್ಟರೆ ಸಂತೋಷ.'

ಅಷ್ಟೇ. ಹಿಂದೆ ತಿರುಗಿಸಿದಳು, ವಿಳಾಸ. ಮಡಿಕೆ ಬಿಡಿಸಿ ಅಂಚು ನೋಡಿದಳು. ಹಾಡಿನ ಬಗ್ಗೆ ಒಂದಕ್ಷರವಿರಲಿಲ್ಲ. ಬೇಡ ಅಂದಿದ್ದರೆ ಕುಣಿಯುತ್ತಿದ್ದಳು. ಕೇಳದೆಯೇ ಬೇಕು ಅಂದನಲ್ಲ, ಅದಕ್ಕೆ ಅವಳ ಕಣ್ಣು ತುಂಬಿತು, ಅವಮಾನದಿಂದ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಅಪ್ಪ ಬಂದರು. ಚೂಡಾಮಣಿ ಕಣ್ಣೊರೆಸಿಕೊಂಡು ಕಾಗದ ಮೊದಲಿನ ಹಾಗೆ ಮಡಿಸಿದಳು. ಅವಳಿಗೆ ಒಂದು ದಾರಿ ಹೊಳೆದಿತ್ತು. ಸುಳ್ಳಾಡದ ಅಪ್ಪನ ಬಾಯಿಂದಲೇ 'ಹಾಡಿನ ವಿಷಯ ಏನೂ ಬರೆದಿಲ್ಲಮ್ಮ' ಅನ್ನಿಸಿಬಿಟ್ಟರೆ ಸಾಕು. ಹಾಗಾದ್ರೆ ಒಪ್ಪಿದ್ದು ಯಾರನ್ನಪ್ಪ ಅಂತ ಕೇಳಬಹುದು. ಅದಕ್ಕೆ ಅವರ ಹತ್ತಿರ ಉತ್ತರವಿರುವುದಿಲ್ಲ.

"ಜೋರಾಗಿ ಓದಿ ಅಪ್ಪ," ಅಂತ ಕನ್ನಡಕ ತಂದುಕೊಟ್ಟಳು. "ಅಣ್ಣ ಪೂರ್ತಿ ಹೇಳ್ಲಿಲ್ಲ. ಹಾಡಿನ ಬಗ್ಗೆ ಏನು ಬರ್ದಿದಾರೆ ಕೇಳ್ಬೇಕು."

ಅಮ್ಮ, ಅಣ್ಣ ಇಬ್ಬರೂ ಬಂದು ನಿಂತರು. ಶಾಮಣ್ಣನವರು ಮೊದಲು ಮನಸ್ಸಿನಲ್ಲೇ ಓದಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು. ಹಿಂದೆ ತಿರುಗಿಸಿ ವಿಳಾಸ ನೋಡಿದರು, ಅಂಚು ನೋಡಿದರು. ಆಮೇಲೆ ಕನ್ನಡಕದ ಮೇಲಿಂದ ಮಗಳ ಮುಖ ನೋಡಿದರು. ಒರೆಸಿಕೊಂಡ ಕಣ್ಣು ಇನ್ನೂ ಕೆಂಪಗಿತ್ತು.

"ಬರ್ದಿದಾರಲ್ಲಮ್ಮ," ಅಂದರು. ಬೆರಳನ್ನು ವಾಲ್ವಿನ ಸಾಲಿನ ಮೇಲಿಟ್ಟುಕೊಂಡು, ಬರೆದದ್ದನ್ನು ಓದುವವರ ಹಾಗೆ ನಿಧಾನವಾಗಿ ಓದಿದರು: "'ನಿಮ್ಮ ಮಗಳ ಹಾಡು ಕೇಳಿದೆ. ದನಿಯಲ್ಲಿ ಸ್ವಲ್ಪ ಕರಕರ ಇದೆ. ಮೇಲಿನ ಷಡ್ಜದಲ್ಲಿ ಕೊಂಚ ಬಿರಿಯುತ್ತದೆ. ಅಲ್ಲೇ ನನಗೆ ಕಣ್ಣಲ್ಲಿ ನೀರು ಬಂತು.'"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅನಂತರಾಮು ತಾನೇ ಓದಿದ್ದ ಕಾಗದದ ಕಡೆ ಬಾಯಿ ತೆರೆದು ನೋಡಿದ, ಅಪ್ಪನನ್ನು ನೋಡಿದ, ಬಾಯಿ ಮುಚ್ಚಿದ.

ಓದಿದೀನಿ ಅಪ್ಪ, ಅದರಲ್ಲಿ ಇಲ್ಲ, ಅನ್ನಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಎಪ್ಪತ್ತರ ಹತ್ತಿರದ ಆ ಮನುಷ್ಯನನ್ನು ಹೆಂಡತಿ ಮಗನ ಎದುರು ಸುಳ್ಳುಗಾರ ಅನ್ನುವುದು ಹೇಗೆ? ಕೆಲಸದ ಆರ್ಡರು, ಜೂನ್ ತಿಂಗಳು, ನಲವತ್ತು ಹುಡುಗಿಯರು, ಎಲ್ಲ ಕೈಬಿಟ್ಟು ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಇನ್ನೊಂದ್ಸಲ ಓದಿ ಅಪ್ಪ," ಅಂದಳು.

ಓದಿದರು. ಈ ಸಲ ಒಂದು ಸಾಲು ಹೆಚ್ಚಿತ್ತು: "'ಉಸಿರು ತೆಗೆದುಕೊಂಡದ್ದೂ ಕೇಳಿಸಿತು.'"

ಆ ಹಾಡನ್ನು ನಿಜವಾಗಿ ಕೇಳಿದವರು ಒಬ್ಬರಿದ್ದರು ಅನ್ನುವುದು ಚೂಡಾಮಣಿಗೆ ಗೊತ್ತಾಯಿತು. ಅವರು ರೂರ್ಕೆಲಾದಲ್ಲಿರಲಿಲ್ಲ. ಇನ್ನು ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಆಗ್ಲಿ, ಒಪ್ಪಿಗೆ ಅಂತ ಬರೀರಿ ಅಪ್ಪ," ಅಂದಳು.