ಗಂಟಿನ ಕಳ್ಳಗಾಲುವೆ

ಕಾಲುವೆಗೆ ನೀರು ಬಿಟ್ಟರೆಂದರೆ ಸಗರ ಊರಿನ ಹೊಲಗಳಲ್ಲಿ ನೀರಿಗಿಂತ ಮೊದಲು ಜಗಳ ಹರಿಯುತ್ತದೆ. ಮೇಲಿನ ಹೊಲದವರು ಒಡ್ಡು ಕೊರೆದು ಕಳ್ಳಗಾಲುವೆ ಮಾಡುತ್ತಾರೆ, ಕೊನೆಯ ಹೊಲದವರು ಬಾಯಿ ಬಡಿದುಕೊಳ್ಳುತ್ತಾರೆ. ಜಗದೇವಪ್ಪ, ಕಲ್ಯಾಣಮ್ಮ ದಂಪತಿಯ ಗದ್ದೆ ಇರುವುದು ಆ ಕೊನೆಯಲ್ಲೇ. ಕಳ್ಳಗಾಲುವೆ ಹುಡುಕಿ ಮುಚ್ಚುವುದರಲ್ಲಿ ಕಲ್ಯಾಣಮ್ಮನನ್ನು ಮೀರಿಸುವವರು ಊರಲ್ಲಿಲ್ಲ.

ಅಂಥ ಗಟ್ಟಿಗಿತ್ತಿ ತನ್ನ ಎಡ ಮೊಲೆಯ ಗಂಟನ್ನು ಮಾತ್ರ ನಾಟಿಯಿಂದ ರಾಶಿಯವರೆಗೂ ಸೆರಗಿನಡಿ ಮುಚ್ಚಿಟ್ಟಿದ್ದಳು. ನೋಯದ ಗಂಟು ಏನು ಮಾಡೀತು ಎಂಬುದು ಅವಳ ಲೆಕ್ಕ. ಆ ಲೆಕ್ಕ ತಪ್ಪಿತ್ತು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಹಜರಾಬೀ ಅವಳನ್ನು ಆಸ್ಪತ್ರೆಗೆ ಎಳೆದೊಯ್ದ ಮೇಲೆ, ಗಂಟಿನ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದು ಗೊತ್ತಾಯಿತು.

ಮೊದಲು ಔಷಧಿಯಿಂದ ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡೋಣ ಎಂದರು ಕಲಬುರಗಿಯ ಡಾಕ್ಟರಮ್ಮ. ಅದಕ್ಕೂ ಮುಂಚೆ ನರಕ್ಕೆ ಒಂದು ಮದ್ದು ಬಿಟ್ಟು ಎಂ.ಆರ್.ಐ. ಚಿತ್ರ ತೆಗೆಯಬೇಕಿತ್ತು. ಕೋಣೆಯ ಬಾಗಿಲಲ್ಲಿ ನರ್ಸು, ಮೈಮೇಲೆ ಲೋಹದ್ದೇನೂ ಇರಬಾರದು ಎಂದಳು. ಕಲ್ಯಾಣಮ್ಮ ಓಲೆ, ಕಾಲುಂಗುರ, ತಾಳಿ ಎಲ್ಲ ತೆಗೆದಳು. ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹೋದಾಗ ನಿಂತಳು. ಅದರೊಳಗಿದ್ದದ್ದು ಇಷ್ಟಲಿಂಗ. ಲಿಂಗ ಅಗಲಿದರೆ ಪ್ರಾಣ ಅಗಲಿದಂತೆ ಎಂದು ಕೇಳುತ್ತ ಬೆಳೆದವಳು ಅವಳು. ಬಿಚ್ಚಿದ್ದನ್ನೆಲ್ಲ ಮತ್ತೆ ಹಾಕಿಕೊಂಡು ಊರಿನ ಬಸ್ಸು ಹತ್ತಿಬಿಟ್ಟಳು.

ಮರುದಿನ ಹಜರಾಬೀ ಅವರ ಮನೆಯ ಕಟ್ಟೆಯ ಮೇಲೆ ಬಂದು ಕೂತಳು.

"ಹೊಳ್ಳಿ ಯಾಕ ಬಂದಿ ಕಲ್ಯಾಣಕ್ಕ?"

"ಗಂಟು ಕೈಗಿ ಹತ್ತತದ. ಚೂರು ತೆಗದೂ ನೋಡ್ಯಾರ. ಮತ್ತ ಫೋಟೋ ಯಾಕ? ನರಕ್ಕ ಮದ್ದು ಬಿಟ್ರ ರೋಗ ಮೈತುಂಬ ಹರೀತದ."

"ಮದ್ದಿಲಿಂದ ರೋಗ ಹರಡಂಗಿಲ್ಲ. ನಾ ಡಾಕ್ಟರಮ್ಮಗ ಕೇಳೇ ಬಂದೀನಿ. ನಿನ್ನ ಗದ್ದಿಗಿ ನೀರು ಬರಲಿಲ್ಲಂದ್ರ ಏನ್ ಮಾಡ್ತಿ?"

"ಕಾಲುವಿ ಗುಂಟ ಹೋಗಿ ಎಲ್ಲಿ ಕೊರದಾರ ನೋಡ್ತೀನಿ."

"ಇದೂ ಹಂಗೇ. ಗಂಟು ಬೆಳೀಬೇಕಂದ್ರ ರಕ್ತ ಬೇಕು. ಅದಕ ಹೊಸ ರಕ್ತನಾಳ ಎಬ್ಬಿಸ್ಕೋತದ. ಅವು ಸರಿಯಾಗಿ ಕಟ್ಟಿದ ನಾಳ ಅಲ್ಲ, ಸೋರತಾವ. ಮದ್ದು ಅಲ್ಲಿ ಲಗೂನ ತುಂಬ್ತದ, ಫೋಟೋದಾಗ ಬೆಳ್ಳಗ ಹೊಳೀತದ. ಗಂಟು ಎಲ್ಲಿತನ ಹಬ್ಬ್ಯಾದ ಅಂತ ಕಾಣಸ್ತದ. ಔಷಧಿ ಕೊಟ್ಟ ಮ್ಯಾಲ ಇನ್ನೊಮ್ಮಿ ತೆಗದ್ರ, ಗಂಟಿಗಿ ಹರಿಯೋ ರಕ್ತ ಕಮ್ಮಿ ಆತೋ ಇಲ್ಲೋ ಅದೂ ತಿಳೀತದ."

ಕಳ್ಳಗಾಲುವೆಯ ಮಾತು ಕಲ್ಯಾಣಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಕೈ ಕರಡಿಗೆ ಬಿಡಲಿಲ್ಲ.

"ಅದು ತಿಳೀತು ಬಿಡು. ಇದರ ಗತಿ ಏನು? ನೀ ಬ್ಯಾರೇ ಮಂದಿ, ನಿನಗ ಇದು ತಿಳಿಯಂಗಿಲ್ಲ."

ಮಾತು ಹಜರಾಬೀಗೆ ಚುಚ್ಚಿತು. ಆದರೂ ಎದ್ದು ಹೋಗಲಿಲ್ಲ.

ಆಗ ಬಾಯಿಬಿಟ್ಟವನು ಬಾಗಿಲಲ್ಲಿ ನಿಂತಿದ್ದ ಜಗದೇವಪ್ಪ. ಹೆಂಡತಿಯ ಮುಂದೆ ಅವನು ಮಾತಾಡುವುದೇ ಅಪರೂಪ, ಮಾತಾಡಲು ಅವಳು ಜಾಗ ಬಿಟ್ಟರಲ್ಲವೇ?

"ಪೂಜಾ ಮಾಡೂವಾಗ ಲಿಂಗ ಎಲ್ಲಿರತದ?"

"ಅಂಗೈಯಾಗ."

"ಹಂಗಾರ ನೀ ಹೊರಗ ಬರೂತನ ನನ್ನ ಅಂಗೈಯಾಗ ಇರಲಿ. ಕೆಳಗ ಇಡಂಗಿಲ್ಲ, ಕೂತ ಜಾಗ ಬಿಟ್ಟು ಏಳಂಗಿಲ್ಲ." ಅವಳ ಪಕ್ಕ ಬಂದು ಕೂತು ಹೇಳಿದ, "ನನಗ ಭಾಳ ಹೆದರಿಕಿ ಆಗ್ಯಾದ, ಕಲ್ಯಾಣಿ. ಹೋಗಿ ತೋರಿಸ್ಕೊ."

ಗಂಡ ಹೆದರಿದ್ದನ್ನು ಅವಳು ಮದುವೆಯಾದ ಇಷ್ಟು ವರ್ಷಗಳಲ್ಲಿ ನೋಡಿರಲಿಲ್ಲ. ಕಲ್ಯಾಣಮ್ಮ ಅತ್ತುಬಿಟ್ಟಳು.

ಅದೇ ವಾರ ಮೂವರೂ ಹೋದರು. ಮೂತ್ರಪಿಂಡದ ಕಾಯಿಲೆ ಇದೆಯೇ, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ, ಮೈಯೊಳಗೆ ಲೋಹದ್ದೇನಾದರೂ ಕೂರಿಸಿದ್ದಾರೆಯೇ ಎಂದೆಲ್ಲ ನರ್ಸು ಕೇಳಿದಳು. ಕಲ್ಯಾಣಮ್ಮ ಏನನ್ನೂ ಮುಚ್ಚಿಡದೆ ಹೇಳಿ, ಬೋರಲಾಗಿ ಮಲಗಿದಳು. ಯಂತ್ರ ಹಳೆಯ ಡೀಸೆಲ್ ಪಂಪಿನಂತೆ ಗದ್ದಲ ಮಾಡಿತು. ಮದ್ದು ತೋಳಿನೊಳಗೆ ತಣ್ಣಗೆ ಹರಿಯಿತು, ಅಷ್ಟೇ. ಹೊರಗೆ ಜಗದೇವಪ್ಪ ಎಡಗೈಯಲ್ಲಿ ಲಿಂಗ ಹಿಡಿದು ಕಲ್ಲಾಗಿ ಕೂತಿದ್ದ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಓಡಿಸಿದವಳು ಹಜರಾಬೀ.

ಔಷಧಿಯ ಕೆಲವು ಸುತ್ತು ಮುಗಿದ ಮೇಲೆ ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಮೊದಲನೆಯದರಲ್ಲಿ ಗಂಟು ಬೆಳ್ಳಗೆ ಹೊಳೆಯುತ್ತಿತ್ತು. ಎರಡನೆಯದರಲ್ಲಿ ಗಂಟೂ ಕುಗ್ಗಿತ್ತು, ಹೊಳಪೂ ಮಾಸಿತ್ತು. ಔಷಧಿ ಹಿಡಿದಿದೆ, ಇನ್ನು ಆಪರೇಷನ್ ಮಾಡಬಹುದು ಎಂದರು.

"ಕಳ್ಳಗಾಲುವಿ ಬತ್ತ್ಯಾವ, ಹಜರಾ," ಎಂದಳು ಕಲ್ಯಾಣಮ್ಮ. "ಅವತ್ತ ಬ್ಯಾರೇ ಮಂದಿ ಅಂದೆ. ಅನಬಾರದಿತ್ತು."

"ಆಪರೇಷನ್ ಆಗಲಿ, ಆಮ್ಯಾಲ ಜಗಳಾ ಆಡೂಣು," ಎಂದಳು ಹಜರಾಬೀ.

ಅಕ್ಕ-ತಂಗಿಯರೇ, ಸ್ತನದಲ್ಲಿ ಗಂಟು ಸಿಕ್ಕರೆ ನೋಯುವುದಿಲ್ಲವೆಂದು ಮುಚ್ಚಿಡಬೇಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಎಲ್ಲರಿಗೂ ಈ ಚಿತ್ರ ಬೇಕಾಗುವುದೂ ಇಲ್ಲ. ಅದನ್ನು ಡಾಕ್ಟರು ಹೇಳಲಿ, ನೀವು ಮೊದಲು ತೋರಿಸಿಕೊಳ್ಳಿ. ಮನಸ್ಸಿನಲ್ಲಿ ಅಂಜಿಕೆಯಿದ್ದರೆ ಬಸ್ಸು ಹತ್ತಿ ವಾಪಸ್ಸು ಬರುವ ಮೊದಲು ಬಾಯಿಬಿಟ್ಟು ಕೇಳಿ. ಅಣ್ಣ-ತಮ್ಮಂದಿರೇ, ನಿಮಗೂ ಒಂದು ಕೆಲಸವಿದೆ. ಹೆಂಡತಿಯೋ ಅಕ್ಕನೋ ತಾಯಿಯೋ ಒಳಗೆ ಹೋದಾಗ, ಅವರು ಬಿಚ್ಚಿಕೊಟ್ಟದ್ದನ್ನು ಅಂಗೈಯಲ್ಲಿ ಹಿಡಿದು, ಅವರು ಬರುವ ತನಕ ಅಲ್ಲೇ ಕೂತಿರಿ.